ವಾಲ್ವ್ ಬದಲಿಸುವ ಮೊದಲು ಹಳೆಯದನ್ನು ಪರೀಕ್ಷಿಸೋಣ, ಭಾವ

ಭಾವ, ನಮಸ್ಕಾರ. ನಿಮ್ಮ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರಿಸಿದರೆ ತಪ್ಪು ತಿಳಿವಳಿಕೆಗೆ ಎಡೆಯಾದೀತೆಂದು ಸ್ವಲ್ಪ ದೀರ್ಘವಾಗಿಯೇ ಹೇಳುತ್ತಿದ್ದೇನೆ, ಬಿಡುವಾದಾಗ ಕೇಳಿ. ಕಾರಿನ ಎಳೆತ ಮೊದಲಿನಂತಿಲ್ಲ, ಆಕ್ಸಿಲರೇಟರ್ ಒತ್ತಿದಾಗ ಸುಯ್ ಎಂಬ ಸದ್ದು ಬರುತ್ತದೆ, ಹಾಗಾಗಿ ಟರ್ಬೊದ ಹೆಚ್ಚುವರಿ ಗಾಳಿಯನ್ನು ಒಳಕ್ಕೇ ಮರಳಿಸುವ ಬೈಪಾಸ್ ವಾಲ್ವ್ ತೆಗೆದು ಗಾಳಿಯನ್ನು ಹೊರಕ್ಕೆ ಬಿಡುವ ಬ್ಲೋ ಆಫ್ ವಾಲ್ವ್ ಹಾಕಿಸೋಣವೆಂದು ಸೋದರಳಿಯ ಹಟ ಹಿಡಿದಿದ್ದಾನೆ, ಅದರಿಂದ ಶಕ್ತಿ ಹೆಚ್ಚುತ್ತದೆಯೇ ಎಂದು ಕೇಳಿದ್ದಿರಿ. ಹೆಚ್ಚುವುದಿಲ್ಲ. ಈಗಿರುವ ವಾಲ್ವ್ ಸೋರುತ್ತಿದ್ದರೆ, ಹೊಸದನ್ನು ಹಾಕಿದಾಗ ಕಳೆದುಹೋದ ಶಕ್ತಿ ಮರಳುತ್ತದೆ, ಅಷ್ಟೇ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಎಷ್ಟಿರಬೇಕೆಂಬುದನ್ನು ನಿಯಂತ್ರಿಸುವುದು ವೇಸ್ಟ್‌ಗೇಟ್ ಎಂಬ ಬೇರೆಯೇ ವಾಲ್ವ್. ಬಹಳ ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ವೇಗವಾಗಿ ಹೋಗುವಾಗ ಟರ್ಬೊ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತಿರುತ್ತದೆ. ಗೇರ್ ಬದಲಿಸಲು ನೀವು ಥಟ್ಟನೆ ಕಾಲು ತೆಗೆದಾಗ ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ಬಾಗಿಲಾದ ಥ್ರಾಟಲ್ ಮುಚ್ಚಿಕೊಳ್ಳುತ್ತದೆ, ಆದರೆ ಟರ್ಬೊ ಕೂಡಲೇ ನಿಲ್ಲುವುದಿಲ್ಲವಾದ್ದರಿಂದ, ನಡುವಿನ ಕೊಳವೆಯಲ್ಲಿ ಸಿಕ್ಕಿಕೊಂಡ ಒತ್ತಡದ ಗಾಳಿ ಬೇರೆ ದಾರಿ ಕಾಣದೆ ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಚಕ್ರದತ್ತ ಹಿಂದಕ್ಕೆ ನುಗ್ಗುತ್ತದೆ. ಅದೇ ಕ್ಷಣದಲ್ಲಿ ಥ್ರಾಟಲ್‌ನ ಆಚೆ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್‌ನೊಳಗೆ, ನಿರ್ವಾತ ಉಂಟಾಗಿ, ಸಣ್ಣದೊಂದು ಹೋಸ್ ಮೂಲಕ ಬೈಪಾಸ್ ವಾಲ್ವನ್ನು ಎಳೆದು ತೆರೆಯುತ್ತದೆ. ಗಾಳಿ ಟರ್ಬೊ ಉಸಿರೆಳೆದುಕೊಳ್ಳುವ ಬದಿಗೇ ಮರಳಿ ಹೋಗುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಈ ಕೆಲಸವನ್ನು ವಿದ್ಯುತ್ ಸೊಲೆನಾಯ್ಡ್ ಮಾಡುತ್ತದೆ.

ಗಾಳಿ ಹೀಗೆ ಒಳಗೇ ಮರಳಬೇಕೆಂಬುದಕ್ಕೆ ಕಾರಣವಿದೆ. ನಿಮ್ಮ ಕಾರಿನಲ್ಲಿ ಏರ್ ಫಿಲ್ಟರಿನ ಬಳಿ ಏರ್ ಫ್ಲೋ ಸೆನ್ಸರ್ ಇದೆ. ಅದು ಒಳಬಂದ ಗಾಳಿಯನ್ನು ಆಗಲೇ ಅಳೆದಿರುತ್ತದೆ, ಆ ಲೆಕ್ಕಕ್ಕೆ ತಕ್ಕಷ್ಟು ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಯು ಕೊಡುತ್ತದೆ. ಅಳೆದ ಗಾಳಿಯನ್ನು ಹೊರಗೆ ಬಿಟ್ಟುಬಿಟ್ಟರೆ ಪೆಟ್ರೋಲ್ ಹೆಚ್ಚಾಗಿ, ಕಪ್ಪು ಹೊಗೆ ಬಂದು, ಸ್ಪಾರ್ಕ್ ಪ್ಲಗ್ ಮಸಿಗಟ್ಟಿ, ಕೆಲವೊಮ್ಮೆ ಸಿಗ್ನಲ್ಲಿನಲ್ಲಿ ನಿಧಾನಿಸುವಾಗ ಎಂಜಿನ್ನೇ ಆರಿಹೋಗುತ್ತದೆ. ಗಾಳಿಯ ಪ್ರಮಾಣದ ಬದಲು ಮ್ಯಾನಿಫೋಲ್ಡ್‌ನ ಒತ್ತಡವನ್ನು ಅಳೆಯುವ ಕಾರುಗಳು ಇದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತವೆ. ಸೋದರಳಿಯ ತೋರಿಸಿದ ವಿಡಿಯೋದ ಕಾರು ಆ ಜಾತಿಯದಿರಬಹುದು, ನಿಮ್ಮದು ಅಲ್ಲ.

ಮೂಲ ವಾಲ್ವ್‌ಗಳಲ್ಲಿ ಸಾಮಾನ್ಯವಾಗಿ ಕೆಡುವುದು ಒಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್. ಎಂಜಿನ್ನಿನ ಬಿಸಿಗೂ ಎಣ್ಣೆಯ ಆವಿಗೂ ಅದು ಗಡುಸಾಗಿ ಸೀಳುತ್ತದೆ, ಬೂಸ್ಟ್ ಏರಿದಾಗ ಗಾಳಿ ಸೋರುತ್ತದೆ, ಸ್ಕ್ಯಾನರ್ ಹಾಕಿದರೆ ಪಿ0299 ಎಂಬ ಕಡಿಮೆ ಬೂಸ್ಟಿನ ಕೋಡ್ ಕಾಣಿಸಿಕೊಳ್ಳಬಹುದು. ಆದರೆ ಸಡಿಲಗೊಂಡ ಕ್ಲಾಂಪ್, ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಬಿರಿದ ಹೋಸ್ ಇವುಗಳಿಂದಲೂ ಇದೇ ಲಕ್ಷಣಗಳು ಬರುತ್ತವೆ. ನಿಮ್ಮದು ನಿರ್ವಾತದಿಂದ ತೆರೆಯುವ ಬಗೆಯಾದ್ದರಿಂದ, ಬಿಚ್ಚಿದ ವಾಲ್ವ್‌ನ ಸಣ್ಣ ತುದಿಗೆ ಗಾಳಿ ಎಳೆಯುವ ಕೈಪಂಪ್ ಜೋಡಿಸಿ ಎಳೆದರೆ ಅದು ತೆರೆದುಕೊಂಡು ಹಾಗೆಯೇ ನಿಲ್ಲಬೇಕು; ಪಂಪಿನ ಮುಳ್ಳು ಇಳಿಯತೊಡಗಿದರೆ ಡಯಾಫ್ರಾಮ್ ಸೀಳಿದೆ ಎಂದರ್ಥ.

ಬದಲಿಸುವುದೇ ಆದರೆ ಗಾಳಿಯನ್ನು ಒಳಕ್ಕೇ ಮರಳಿಸುವ, ಲೋಹದ ಪಿಸ್ಟನ್ ಇರುವ ವಾಲ್ವ್ ಆರಿಸಿಕೊಳ್ಳಿ. ಅದರಲ್ಲಿ ಸೀಳಲು ರಬ್ಬರ್ ಪೊರೆ ಇರುವುದಿಲ್ಲ, ಆಗಾಗ ಶುಚಿ ಮಾಡಿ ಗ್ರೀಸ್ ಹಚ್ಚಬೇಕಾಗುತ್ತದೆ. ವಾಲ್ವನ್ನು ಮುಚ್ಚಿಡುವ ಸ್ಪ್ರಿಂಗ್ ಗಟ್ಟಿಯಾದಷ್ಟೂ ಒಳ್ಳೆಯದೆಂಬ ಮಾತನ್ನು ನಂಬಬೇಡಿ. ನನ್ನ ಹಿಂದಿನ ಕಾರಿಗೆ ಒಬ್ಬರು ತೀರಾ ಗಡುಸಾದ ಸ್ಪ್ರಿಂಗ್ ಹಾಕಿಕೊಟ್ಟಿದ್ದರು. ಮೆಲ್ಲನೆ ಕಾಲು ತೆಗೆದಾಗಲೆಲ್ಲ ವಾಲ್ವ್ ತೆರೆಯದೆ ತುರ್ರೆಂದು ಸದ್ದಾಗುತ್ತಿತ್ತು, ನಾನೋ ಅದನ್ನು ಕೇಳಿ ತಿಂಗಳುಗಟ್ಟಲೆ ಹೆಮ್ಮೆಪಡುತ್ತಿದ್ದೆ. ಗಾಳಿ ಕಂಪ್ರೆಸರಿಗೆ ಹಿಂದೆ ಬಡಿಯುವ ಸದ್ದದು ಎಂದು ಆಮೇಲೆ ತಿಳಿಯಿತು.

ದೊಡ್ಡಪ್ಪನವರ ಡೀಸೆಲ್ ಕಾರಿಗೂ ಈ ವಾಲ್ವ್ ಬೇಕೇ ಎಂದು ಅಕ್ಕ ಕೇಳಿದ್ದಳು. ಬೇಡ, ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ಇಂಧನದಿಂದಲೇ ನಿಯಂತ್ರಿಸುವುದರಿಂದ, ಕಾಲು ತೆಗೆದಾಗ ಗಾಳಿಯ ದಾರಿ ಹಾಗೆ ಮುಚ್ಚಿಕೊಳ್ಳುವುದಿಲ್ಲ.

ಸದ್ಯಕ್ಕೆ ಏನನ್ನೂ ತರಿಸಬೇಡಿ. ಭಾನುವಾರ ಕೈಪಂಪ್ ತೆಗೆದುಕೊಂಡು ನಾನೇ ಬರುತ್ತೇನೆ, ಆ ಬೆಳಿಗ್ಗೆ ಕಾರನ್ನು ಎಲ್ಲಿಗೂ ಒಯ್ಯದೆ ಎಂಜಿನ್ ತಣ್ಣಗಿರುವಂತೆ ನೋಡಿಕೊಳ್ಳಿ, ಸೋದರಳಿಯನೂ ಮನೆಯಲ್ಲಿರಲಿ.