ಆಫೀಸಿನ ಸಹಾಯಾರ್ಥ ಮಾರಾಟಕ್ಕ ಕಸೂತಿ ಸೀರಿ ಕೇಕ್: ತತ್ತಿ ಇಲ್ಲದ, 48 ತುಂಡು ಹೆಂಗ?

ಸಾದನಕೇರಿ_ಸಂಜಿ:
ಆಫೀಸು ಹುಬ್ಬಳ್ಳಿಯೊಳಗ, ಮನಿ ಧಾರವಾಡದಾಗ. ಬರೋ ಶುಕ್ರವಾರ ಒಂದು ಸರ್ಕಾರಿ ಸಾಲಿ ಲೈಬ್ರರಿಗೆ ರೊಕ್ಕ ಕೂಡಿಸಾಕ ತಿನಿಸಿನ ಮಾರಾಟ ಐತಿ. ಥೀಮು ‘ನಮ್ಮ ಊರ ಕೈಕೆಲಸ’. ಕಸೂತಿ ಹಾಕಿದ ಚಂದ್ರಕಾಳಿ (ಕರಿ) ಸೀರಿಯಂಥ ಕೇಕ್ ಮಾಡೋ ವಿಚಾರ. 45–50 ಮಂದಿಗೆ ಬೇಕು, ತತ್ತಿ ಹಾಕೂಹಂಗಿಲ್ಲ. ಇರೋದು 30 ಲೀಟರಿನ ಓಟಿಜಿ (ಕರೆಂಟಿನ ಓವನ್) ಒಂದ, 8 ಇಂಚಿನ ಚೌಕ ಡಬ್ಬಿ ಒಂದ. ಕರಿ ಫಾಂಡೆಂಟ್ (ಲಟ್ಟಿಸಿ ಹಾಸೋ ಸಕ್ರಿ ಕಣಕ) ಹೊದಿಸಿ ಮ್ಯಾಲೆ ಐಸಿಂಗ್ ಎಳೀಲೇನು? ಈ ಏಪ್ರಿಲ್ ಬಿಸಲಾಗ ನಿಂತೀತ?

ಬಿಸಿ_ಒಲಿ:
ದೊಡ್ಡ ಕೇಕ್ ಬ್ಯಾಡ್ರಿ. ಮೂರು ಚೌಕ ಬೇಯಿಸಿ ಸಾಲಾಗಿ ಕೂಡಿಸ್ರಿ. 8×24 ಇಂಚಿನ ಉದ್ದನ ಪಟ್ಟಿ ಆಗ್ತೈತಿ, ಸೀರಿ ಬಿಚ್ಚಿ ಹಾಸಿಧಂಗ ಕಾಣತೈತಿ. 2 ಇಂಚಿಗೊಂದು ಕೊಯ್ದರ ಒಂದು ಚೌಕಕ್ಕ 16, ಒಟ್ಟು 48. ಕೂಡಿಸಿದ ಗೆರಿನೂ ಕೊಯ್ಯೋ ಗೆರಿ ಮ್ಯಾಲೇ ಬೀಳತೈತಿ, ಯಾರಿಗೂ ಗೊತ್ತಾಗಂಗಿಲ್ಲ.

ಒಂದು ಚೌಕಕ್ಕ: ಮೈದಾ 240 ಗ್ರಾಂ, ಸಕ್ರಿ 190 ಗ್ರಾಂ, ಮೊಸರು 300 ಗ್ರಾಂ, ವಾಸನಿ ಇಲ್ಲದ ಎಣ್ಣಿ 140 ಮಿ.ಲೀ., ಬೇಕಿಂಗ್ ಪೌಡರ್ ಒಂದೂವರಿ ಸಣ್ಣ ಚಮಚ, ಅಡಿಗಿ ಸೋಡಾ ಅರ್ಧ ಸಣ್ಣ ಚಮಚದ ಮ್ಯಾಲೆ ಒಂದು ಚಿಟಿಕಿ, ಉಪ್ಪು, ವೆನಿಲಾ. ಎಮ್ಮಿ ಮೊಸರು ಗಟ್ಟಿ ಇದ್ದರ 2–3 ದೊಡ್ಡ ಚಮಚ ಹಾಲು ಹಾಕ್ರಿ. 170 ಡಿಗ್ರಿ, 40–45 ನಿಮಿಷ. ಮೊದಲ ಅರ್ಧ ತಾಸು ಬಾಗಲಾ ತಗೀಬ್ಯಾಡ್ರಿ, ನಡುವ ಕುಸೀತೈತಿ.

ಒಂದು ಡಬ್ಬಿ ಇದ್ದವರು ಕೆಡಸೋದು ಇಲ್ಲೇ: ಮೂರಕ್ಕೂ ಹಿಟ್ಟು ಒಮ್ಮೆಲೇ ಕಲಸಿ ಇಡತಾರ. ಸೋಡಾ ಮೊಸರಿಗೆ ತಾಗಿದ ಕ್ಷಣಾನ ಗುಳ್ಳಿ ಎಬ್ಬಸ್ತೈತಿ. ಮೂರನೇದು ಒಲಿಗೆ ಹೋಗೂದರಾಗ ಗುಳ್ಳಿ ಎಲ್ಲಾ ಹೋಗಿ ದಪ್ಪನ ಇಡ್ಲಿ ಆಗಿರತೈತಿ! ಒಣ ಸಾಮಾನು ಮೂರು ಪಾಲು, ಹಸಿ ಸಾಮಾನು ಮೂರು ಪಾಲು ಅಳತಿ ಮಾಡಿ ಇಟಗೊಳ್ರಿ. ಹಿಂದಿಂದು ಹೊರಗ ಬಂದ ಮ್ಯಾಲೆ ಡಬ್ಬಿ ಬರಿದು ಮಾಡಿ, ಆಮ್ಯಾಲೆ ಮುಂದಿಂದು ಕಲಸ್ರಿ.

ಆರಿದ ಮ್ಯಾಲೆ ಪ್ಲಾಸ್ಟಿಕ್ ಸುತ್ತಿ ರಾತ್ರಿ ಫ್ರಿಜ್ಜಿನ್ಯಾಗ ಇಡ್ರಿ. ಎಣ್ಣಿ ಕೇಕ್ ಬೆಣ್ಣಿದರಂಗ ಕಲ್ಲಾಗಂಗಿಲ್ಲ, ಪುಡಿನೂ ಕಡಿಮಿ ಉದರತೈತಿ. ಮುಂಜಾನೆ ಉಬ್ಬಿದ ತಲಿ ಕೊಯ್ದು, ಬೋರಲು ಹಾಕಿ ತಳಾನ ಮ್ಯಾಲೆ ಮಾಡ್ರಿ, ಸಪಾಟ ಸಿಗತೈತಿ.

ಎಳಿ_ಎಣಿಸು:
ಫಾಂಡೆಂಟ್ ಬ್ಯಾಡ. ಕರಿ ಬಣ್ಣಾ ತುಟಿಗೆ ಹತ್ತತೈತಿ, ಫ್ರಿಜ್ಜಿನಿಂದ ತಗದರ ಬೆವರತೈತಿ. ಕೆಲವು ಫಾಂಡೆಂಟಿನ್ಯಾಗ ಜೆಲಾಟಿನ್ ಇರತೈತಿ, ಐಸಿಂಗಿಗೆ ಹಾಕೂ ಮೆರಿಂಗ್ ಪೌಡರಿನ್ಯಾಗಂತೂ ತತ್ತಿಯ ಬಿಳಿಭಾಗಾನೇ. ಪ್ಯಾಕೆಟ್ ಓದದ ತಗೋಬ್ಯಾಡ್ರಿ.

ಕರಿ ಸೀರಿಗೆ ಗನಾಶ್ (ಚಾಕಲೇಟು, ಕ್ರೀಂ ಕರಗಿಸಿ ಕೂಡಿಸಿದ್ದು) ಸಾಕು: ಡಾರ್ಕ್ ಕಾಂಪೌಂಡ್ (ಕೋಕೋ ಬೆಣ್ಣಿ ಬದಲಿ ಬ್ಯಾರೆ ವನಸ್ಪತಿ ಕೊಬ್ಬು ಇರೋ ಚಾಕಲೇಟ್) 450 ಗ್ರಾಂ, ಫ್ರೆಶ್ ಕ್ರೀಂ 180 ಗ್ರಾಂ. ನಿಜವಾದ ಚಾಕಲೇಟಿನ ಕೋಕೋ ಬೆಣ್ಣಿ 34 ಡಿಗ್ರಿ ಸುತ್ತಮುತ್ತ ಕರಗತೈತಿ, ಏಪ್ರಿಲ್ ಮಧ್ಯಾಹ್ನಕ್ಕ ಅದು ಸಾರು. ರುಚಿ ಒಂದು ಗುಂಜಿ ಕಡಿಮಿಯಾದರೂ ಕಾಂಪೌಂಡೇ ನಿಲ್ಲತೈತಿ. ಬಿಸಿ ಇದ್ದಾಗ ಸುರೀಬ್ಯಾಡ್ರಿ, ಚಮಚದಿಂದ ದಪ್ಪಗ ಇಳಿಯೂ ಹದಕ್ಕ ಬಂದ ಮ್ಯಾಲೆ 4 ಮಿ.ಮೀ. ಹರಡ್ರಿ.

ಇನ್ನ ಹೊಲಿಗಿ. ದೊಡ್ಡ ಗೋಪುರಾ ನಡುವ ತಗದರ ಕೊಯ್ದಾಗ ಒಬ್ಬರಿಗೆ ಕಳಸ, ಇನ್ನೊಬ್ಬರಿಗೆ ಬರೇ ಕರಿ. ಪ್ರತಿ 2 ಇಂಚಿನ ಮನಿಗೆ ಒಂದು ಪೂರ್ತಿ ಚಿತ್ರ ಇರಲಿ: ಗೋಪುರ, ತುಳಸಿಕಟ್ಟಿ, ಆನಿ, ತೇರು. ಗನಾಶ್ ಬಿಗಿದ ಮ್ಯಾಲೆ ಸ್ಕೇಲಿನ ಅಂಚು ಒತ್ತಿ 5 ಮಿ.ಮೀ. ಮನಿ ಗುರುತು ಮಾಡ್ರಿ. ಕಸೂತಿ ಎಳಿ ಎಣಿಸಿ ಹಾಕೂದು, ಗೆರಿ ನೆಟ್ಟಗ, ಅಡ್ಡ ಇಲ್ಲಾ ಓರಿ. ವಕ್ರ ಗೆರಿ ಬಂದರ ಅದು ಮೆಹಂದಿ ಆಗತೈತಿ. ಕಸೂತಿ ಹೊಲಿಗಿಯೊಳಗ ಹೊರಗೆರಿಗೆ ಗವಂತಿ (ಹೋಗಿ ತಿರುಗಿ ಬಂದು ತುಂಬೋ ಗೆರಿ ಹೊಲಿಗಿ), ಮೆಟ್ಟಲಿಗೆ ಮುರಗಿ (ಅಂಕುಡೊಂಕು ಹೊಲಿಗಿ), ಒಳಗ ತುಂಬಾಕ ಸಣ್ಣ ಸಣ್ಣ ಗುಣಾಕಾರ ಚಿಹ್ನಿ ಹಾಕಿದರ ಅದ ಮೆಂತಿ. ನೇಯ್ಗಿ (ನೇದಂಗ ಕಾಣೋ ಹೊಲಿಗಿ) ಬಿಡ್ರಿ, ಅಷ್ಟು ಸಣ್ಣಗ ಕೋನಿನಿಂದ ಬರೂದಿಲ್ಲ. ಗವಂತಿ ಎರಡೂ ಬದಿ ಒಂದ ಥರ ಕಾಣಬೇಕು ಅನ್ನೋ ನಿಯಮ ಐತಿ, ಕೇಕಿನ ಹಿಂಬದಿ ಯಾರೂ ನೋಡಂಗಿಲ್ಲ ಬಿಡ್ರಿ.

ಸಕ್ರಿ ಐಸಿಂಗಿನ ಬದಲಿ ಕರಗಿಸಿದ ಬಿಳಿ ಕಾಂಪೌಂಡ್ 100 ಗ್ರಾಂ. ಫ್ರಿಜ್ಜಿನ್ಯಾಗ ಇಟ್ಟರ ಸಕ್ರಿ ಗೆರಿ ತೇವಾ ಎಳಕೊಂಡು ಹರೀತೈತಿ, ಇದು ಹರಿಯಂಗಿಲ್ಲ. ಬಟರ್ ಪೇಪರಿನ ಕೋನ್, ತುದಿ 1 ಮಿ.ಮೀ. ಕತ್ತರಿಸ್ರಿ.

ಸಾದನಕೇರಿ_ಸಂಜಿ:
ಕೆಂಪು, ಹಸರು ಎಳಿಗೆ ಮನ್ಯಾಗಿನ ಜೆಲ್ ಬಣ್ಣಾ ನಡೀತೈತೇನ್ರಿ?

ಎಳಿ_ಎಣಿಸು:
ಇಲ್ರಿ. ಅದರಾಗ ನೀರಿನ ಅಂಶ ಐತಿ, ಒಂದು ಹನಿಗೆ ಚಾಕಲೇಟ್ ಉಂಡಿ ಕಟ್ಟತೈತಿ. ಎಣ್ಣಿ ಆಧಾರದ ಚಾಕಲೇಟ್ ಬಣ್ಣಾನೇ ತರ್ರಿ. ಬಟ್ಟಲಿಗೂ ಚಮಚಕ್ಕೂ ನೀರಿನ ಪಸೆ ಇರಬಾರದು.

ಚಿಗರಿ_ಪಾಸ್:
ಸಾಗಿಸೋದರ ಬಗ್ಗೆ. ಮೂರೂ ಚೌಕ ಬ್ಯಾರೆ ಬ್ಯಾರೆ ಡಬ್ಬ್ಯಾಗ ಒಯ್ಯಿರಿ, ಆಫೀಸಿನ್ಯಾಗ 10×28 ಇಂಚಿನ ಹಲಗಿ ಮ್ಯಾಲೆ ಕೂಡಿಸ್ರಿ. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನ್ಯಾಗ ಹೊಂಟರ ತೊಡಿ ಮ್ಯಾಲೆ ಬ್ಯಾಡ, ಕಾಲಬುಡಕ ಸಪಾಟ ನೆಲದಾಗ ಇಡ್ರಿ, ಅಡಿಗೆ ಒದ್ದಿ ಮಾಡಿ ಹಿಂಡಿದ ಬಟ್ಟಿ ಹಾಸಿದರ ಜಾರಂಗಿಲ್ಲ. ಆಫೀಸು ಮುಟ್ಟಿದ ಮ್ಯಾಲೆ ಮುಚ್ಚಳಾ ಒಂದು ತಾಸು ಹಂಗ ಇರಲಿ, ಅಂದ್ರ ನೀರ ಹನಿ ಡಬ್ಬಿಗೆ ಕೂಡತಾವ, ಕೇಕಿಗಲ್ಲ.

ಕೊಯ್ಯಾಕ ಉದ್ದನ ಚಾಕು, ಬಿಸಿ ನೀರಾಗ ಅದ್ದಿ ಪ್ರತಿ ಸಲ ಒರಸ್ರಿ. ಇಲ್ಲಂದ್ರ ಕರಿ ಗನಾಶ್ ಬಿಳಿ ಎಳಿ ಮ್ಯಾಲೆ ಬಳಿತೈತಿ.

ಮಾರೋ ಮುಂದ ‘ತತ್ತಿ ಇಲ್ಲ, ಮೈದಾ, ಹಾಲು ಐತಿ’ ಅಂತ ಚೀಟಿ ಹಚ್ಚರಿ. ಸಾಮಾನಿನ ಖರ್ಚು ಮೊದಲ ಬರದಿಟ್ಟು, ರೇಟ್ ಸುತ್ತು ರೂಪಾಯಿಗೆ ಮಾಡ್ರಿ, ಚಿಲ್ಲರ ಜಗಳ ಇರಂಗಿಲ್ಲ. ತೇರಿನ ತುಂಡು ಒಂದ ಮಾಡಿದ್ರ ಅದನ್ನ ಹರಾಜಿಗೆ ಹಚ್ಚರಿ. 48ನೇದು ಮಾರೂತನಕ ಯಾರ ಮುಂದೂ ರುಚಿ ನೋಡಾಕ ಇಡಬ್ಯಾಡ್ರಿ. ಬೋರಲು ಹಾಕೂ ಮುಂದ ಕೊಯ್ದ ಉಬ್ಬು ಅದಕ್ಕ ಐತಿ.