ತೋಟದಲ್ಲಿ ಓದು-ಲೆಕ್ಕ: ಕೂಲಿ ಹೊತ್ತಲ್ಲೋ, ಸಂಜೆಯೋ?

ತರಬೇತಿ ಮೇಡಂ, ಚಿಕ್ಕಮಗಳೂರು
ಕಾಫಿ ತೋಟದ ಕೆಲಸಗಾರರಿಗೆ ಓದು, ಲೆಕ್ಕ ಕಲಿಸುವುದು ನನ್ನ ಕೆಲಸ. ಮೊನ್ನೆ ಬೆಳೆಗಾರರ ಒಂದು ಸಭೆಯಲ್ಲಿ ಕೇಳಿದೆ: ಔಷಧಿ ಸಿಂಪಡಣೆ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಅಂತ ಕೌಶಲ್ಯ ತರಬೇತಿ ಕೊಡುವ ಮೊದಲು ದಿನಕ್ಕೊಂದು ಗಂಟೆ ಅಕ್ಷರ, ಲೆಕ್ಕ ಕಲಿಸೋಣವೇ? ಅದೂ ಕೆಲಸದ ಹೊತ್ತಲ್ಲೇ, ಕೂಲಿ ಕಡಿಯದೆ. ಎಲ್ಲರೂ ನಕ್ಕರು. "ಅಆಇಈ ಕಲಿತರೆ ಹಣ್ಣು ಜಾಸ್ತಿ ಕೊಯ್ಯುತ್ತಾರಾ?" ಅಂದರು ಒಬ್ಬರು. ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿ 46.8 ತೋರಿಸಿತು. ಚೀಟಿಯಲ್ಲಿ ಬಿದ್ದಿದ್ದು 46. ಮೂಟೆ ಹೊತ್ತು ತಂದ ಹೆಂಗಸು ತಕ್ಕಡಿಯನ್ನೂ ನೋಡಿದಳು, ಚೀಟಿಯನ್ನೂ ನೋಡಿದಳು, ಸುಮ್ಮನೆ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಆ ಚುಕ್ಕೆ ಏನು ಅಂತ ಅವಳಿಗೆ ಗೊತ್ತಿಲ್ಲ. ಕೊಯ್ಲು ಮುಗಿಯುವವರೆಗೆ ಚುಕ್ಕೆಯ ಆಚೆ ಇರೋದನ್ನೆಲ್ಲ ಕೂಡಿಸಿ ನೋಡಿ.

ಮೂಡಿಗೆರೆ ಬೆಳೆಗಾರ
"ಕೂಲಿ ಕಡಿಯದೆ". ಇಲ್ಲೇ ಇದೆ ವಿಷಯ. ಕೊಯ್ಲಿನ ಟೈಮಲ್ಲಿ ಜನ ಸಿಗದೆ ಹಣ್ಣು ಗಿಡದಲ್ಲೇ ಒಣಗುತ್ತದೆ, ನೀವು ದಿನಕ್ಕೊಂದು ಗಂಟೆ ಪುಕ್ಕಟೆ ಕೇಳುತ್ತಿದ್ದೀರಿ. ಯಾವ ಕಾನೂನಲ್ಲಿದೆ ಹೇಳಿ. 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆಯಲ್ಲಿ ಇದ್ದದ್ದು ಕೆಲಸಗಾರರ ಮಕ್ಕಳಿಗೆ ಶಾಲೆ ಅಂತ. 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಜಾಸ್ತಿ ಇದ್ದರೆ ಮಾತ್ರ.

ತರಬೇತಿ ಮೇಡಂ, ಚಿಕ್ಕಮಗಳೂರು
"ಇದ್ದರೆ ಮಾತ್ರ" ಅಂದಿರಲ್ಲ ಸರ್, ಥ್ಯಾಂಕ್ಸ್. ಇಪ್ಪತ್ತೈದು ಮಕ್ಕಳಿಲ್ಲದ ಸಣ್ಣ ತೋಟದಲ್ಲಿ ಹುಟ್ಟಿ, ತಮ್ಮನ ತೊಟ್ಟಿಲು ತೂಗಿಕೊಂಡು ಬೆಳೆದವರೇ ಈಗ ನಿಮ್ಮಲ್ಲಿ ಹಣ್ಣು ಕೊಯ್ಯುತ್ತಿರುವುದು.

ಹಳೇ ರೈಟರ್, ಸಕಲೇಶಪುರ
ತೋಟದಲ್ಲಿ ಚೀಟಿ ಬರೆಯುವ ರೈಟರ್‌ಗಳೆಲ್ಲ ಕಳ್ಳರು ಅನ್ನೋ ಹಾಗೆ ಬರೆದಿದ್ದೀರಿ. ಚೀಲದ ತೂಕ, ಮಂಜಿನ ನೀರು, ಎಲೆ, ಕಡ್ಡಿ, ಅದೆಲ್ಲ ಯಾರು ಕಳೆಯುತ್ತಾರೆ? ಅಕ್ಷರ ಬಂದರೇ ಕೆಲಸ ಬರುತ್ತೆ ಅನ್ನೋದೂ ಸುಳ್ಳು. ನಮ್ಮ ತೋಟದಲ್ಲಿ ಒಬ್ಬ ಹೆಬ್ಬೆಟ್ಟಿನ ಮುದುಕ ಇದ್ದ. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿಗೆ ಸುಣ್ಣದ ತಿಳಿ ಸುರಿದು ತಿರುಗಿಸುತ್ತಾ, ಬಣ್ಣ ನೋಡಿಯೇ ಗಿಡಕ್ಕೆ ಹೊಡೆಯುವ ಬೋರ್ಡೋ ಔಷಧಿಯ ಹದ ಹೇಳುತ್ತಿದ್ದ. ಯಾವ ಡಿಪ್ಲೊಮಾದವನಿಗೂ ಅದು ಬರಲ್ಲ.

ಕೊಪ್ಪದ ಅಡಿಕೆ
ಏನಂದ್ರಿ? ಮೈಲುತುತ್ತಕ್ಕೆ ಸುಣ್ಣ ಸುರಿಯುತ್ತಿದ್ದನಾ? ಉಲ್ಟಾ ಮಾರಾಯ್ರೆ! ಸುಣ್ಣದ ನೀರಿಗೆ ಮೈಲುತುತ್ತದ ನೀರು ಬೀಳಬೇಕು, ನಿಧಾನಕ್ಕೆ, ಕಲಕುತ್ತಾ. ನಮ್ಮಲ್ಲಿ ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ಚಿಕ್ಕ ಹುಡುಗನಿಗೂ ಗೊತ್ತು.

ಜಾಥಾ ಕಾಲದವನು, ಹಾಸನ
ವಿಷಯಕ್ಕೆ ಬನ್ನಿ. ತೊಂಬತ್ತರ ದಶಕದಲ್ಲಿ ನಾವು ಕಂದೀಲು ಹಿಡಿದು ರಾತ್ರಿ ಶಾಲೆ ನಡೆಸಿದವರು. ಯಾರ ಕೂಲಿ ಗಂಟೆಯನ್ನೂ ಕೇಳಲಿಲ್ಲ. ಫಲ ಸಿಕ್ಕಿದೆ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಸಾಕ್ಷರತೆ ಶೇ. 79.25, ಹಾಸನದ್ದು 76.07. ರಾಜ್ಯದ ಸರಾಸರಿ 75.36. ಎರಡೂ ಜಿಲ್ಲೆ ಮೇಲೇ ಇವೆ. ಅಳುವಂಥದ್ದು ಏನೂ ಇಲ್ಲ.

ಗಾರ್ಮೆಂಟ್ಸ್ ಅಕ್ಕ, ಹಾಸನ
ಅಣ್ಣ, ಆ ಲೆಕ್ಕದಲ್ಲಿ 7 ವರ್ಷ ದಾಟಿದ ಶಾಲೆ ಮಕ್ಕಳೆಲ್ಲ ಇದ್ದಾರೆ. ನಲವತ್ತೈದರ ಹೆಂಗಸು ಅದರಲ್ಲಿ ಎಲ್ಲಿ ಕಾಣುತ್ತಾಳೆ? ಹಾಸನದ ಹೆಂಗಸರದ್ದು ಮಾತ್ರ ತೆಗೆದರೆ 68 ಚಿಲ್ಲರೆಗೆ ಇಳಿಯುತ್ತದೆ, ಅದನ್ನು ಬಿಟ್ಟಿರಿ. ನಾನು ಫ್ಯಾಕ್ಟರಿಯಲ್ಲಿ ಹೊಸ ಹುಡುಗಿಯರಿಗೆ ತರಬೇತಿ ಕೊಡುತ್ತೇನೆ. ಎಲ್ಲರೂ ಎಸ್‌ಎಸ್‌ಎಲ್‌ಸಿವರೆಗೆ ಓದಿದವರೇ. ಆದರೆ ಸಂಬಳದ ಚೀಟಿ ಕೈಗೆ ಕೊಟ್ಟರೆ ಪಿಎಫ್ 12, ಇಎಸ್‌ಐ 0.75 ಅಂತ ಕಡಿತ ನೋಡಿ ಕಣ್ಣು ಬಿಡುತ್ತಾರೆ. 0.75 ಅಂದರೆ ಮುಕ್ಕಾಲು ಭಾಗ ಸಂಬಳ ಹೋಯಿತು ಅಂತ ಒಬ್ಬಳು ಅತ್ತೇ ಬಿಟ್ಟಳು. ನೂರಕ್ಕೆ ಮುಕ್ಕಾಲು ರೂಪಾಯಿ ಕಣೆ ಅಂತ ಬಿಡಿಸಿ ಹೇಳೋ ಹೊತ್ತಿಗೆ ಊಟದ ಬೆಲ್ ಆಯಿತು.

ಜಾಥಾ ಕಾಲದವನು, ಹಾಸನ
ಎಸ್‌ಎಸ್‌ಎಲ್‌ಸಿ ಓದಿದವಳಿಗೆ ಶೇಕಡಾ ಬರಲ್ಲ ಅಂದರೆ ಅದು ಶಾಲೆಯ ತಪ್ಪು. ವಯಸ್ಕರ ಶಿಕ್ಷಣದ ತಲೆಗೆ ಯಾಕೆ ಕಟ್ಟುತ್ತೀರಮ್ಮ? ಈಗ ಕೇಂದ್ರದ ಸಾಕ್ಷರತಾ ಯೋಜನೆ ಉಲ್ಲಾಸ್ ಇದೆಯಲ್ಲ, 15 ದಾಟಿದವರಿಗೇ ಅಂತ, 2022ರಿಂದ 2027ರವರೆಗೆ 1037.90 ಕೋಟಿ. ಅದನ್ನು ಬಳಸಿಕೊಳ್ಳಿ.

ತರಬೇತಿ ಮೇಡಂ, ಚಿಕ್ಕಮಗಳೂರು
ಕೋಟಿ ಕೇಳೋಕೆ ಚೆನ್ನಾಗಿದೆ ಸರ್. ಆದರೆ ಉಲ್ಲಾಸ್ ನಿಂತಿರುವುದೇ ಸಂಬಳವಿಲ್ಲದ ಸ್ವಯಂಸೇವಕರ ಮೇಲೆ. ಕೊಯ್ಲಿನ ಕಾಲದಲ್ಲಿ, ಆನೆ ಓಡಾಡುವ ದಾರಿಯಲ್ಲಿ, ಸಂಜೆ ಏಳಕ್ಕೆ ಕೆಲಸಗಾರರ ಲೈನ್ ಮನೆಗೆ ಯಾವ ಹುಡುಗಿ ಬರುತ್ತಾಳೆ ಪಾಠ ಹೇಳೋಕೆ?

ಹಳೇ ರೈಟರ್, ಸಕಲೇಶಪುರ
ಕೊಪ್ಪದವರೇ, ಉಲ್ಟಾನೂ ಇಲ್ಲ ಸೀದಾನೂ ಇಲ್ಲ. ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಸುರಿಯುವವರೂ ಇದ್ದಾರೆ. ನಮ್ಮ ಮುದುಕ ಹಾಕಿದ ಔಷಧಿಗೆ ಒಂದು ಎಲೆ ಸುಟ್ಟಿದ್ದಿಲ್ಲ.

ಕೊಪ್ಪದ ಅಡಿಕೆ
ಮೂರನೇ ಡ್ರಮ್ ಬೇರೆ ಮಾತು. ನೀವು ಮೊದಲು ಹೇಳಿದ್ದು ಆ ಮಾತಲ್ಲ. 50 ಲೀಟರ್ ನೀರಲ್ಲಿ 1 ಕೆಜಿ ಮೈಲುತುತ್ತ, ಇನ್ನೊಂದು 50 ಲೀಟರಲ್ಲಿ 1 ಕೆಜಿ ಸುಣ್ಣ. ಉಜ್ಜಿ ಬೆಳಗಿದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪಗಾಯಿತಾ, ತಾಮ್ರ ಜಾಸ್ತಿ, ಇನ್ನಷ್ಟು ಸುಣ್ಣ ಹಾಕಿ. ನಿಮ್ಮ ಮುದುಕ ಚಾಕು ಅದ್ದುತ್ತಿದ್ದನಾ?

ಹಳೇ ರೈಟರ್, ಸಕಲೇಶಪುರ
1 ಕೆಜಿ ಅಂತೆ! ಅದು ಅಡಿಕೆ ಲೆಕ್ಕ ಸ್ವಾಮಿ. ಕಾಫಿ ಎಲೆ ತುಕ್ಕು ರೋಗಕ್ಕೆ ಅರ್ಧ ಪರ್ಸೆಂಟು, ಅಂದರೆ ನೂರು ಲೀಟರಿಗೆ ಅರ್ಧ ಕೆಜಿ. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ನಡೆದಿದೆ, ನೀವು ಬಂದು ನಮಗೆ ಹೇಳಿಕೊಡುತ್ತೀರಾ?

ಕೊಪ್ಪದ ಅಡಿಕೆ
ಕಾಫಿ ಕೊಳೆರೋಗಕ್ಕೆ ಒಂದೇ ಪರ್ಸೆಂಟು. ತುಕ್ಕಿನದ್ದು ಮಾತ್ರ ಹೇಳಿ ಕೊಳೆಯದ್ದು ಮುಚ್ಚಿಟ್ಟಿರಿ. ಬಾಳೆಹೊನ್ನೂರು ನಮಗೆ ಹೆಚ್ಚು ಹತ್ತಿರ, ಸಕಲೇಶಪುರಕ್ಕಿಂತ.

ತರಬೇತಿ ಮೇಡಂ, ಚಿಕ್ಕಮಗಳೂರು
ಇಬ್ಬರೂ ಒಂದು ನಿಮಿಷ ನಿಲ್ಲಿಸಿ. ತುಕ್ಕಿಗೆ ಅರ್ಧ, ಕೊಳೆಗೆ ಒಂದು. ಸರಿ. ಆ ಅರ್ಧ ಯಾವುದು, ಒಂದು ಯಾವುದು ಅಂತ ಡ್ರಮ್ ಮುಂದೆ ನಿಂತ ಕೆಲಸಗಾರನಿಗೆ ಯಾರು ಹೇಳುತ್ತಾರೆ? ಕಣ್ಣಳತೆಯಲ್ಲಿ ಹಾಕುವವನು ಎರಡಕ್ಕೂ ಒಂದೇ ಹಾಕುತ್ತಾನೆ. ನಾನು ಕೇಳುತ್ತಿರುವುದು ಅಷ್ಟೇ.

ಹಳೇ ರೈಟರ್, ಸಕಲೇಶಪುರ
ರೈಟರ್ ಹೇಳುತ್ತಾನೆ ಮೇಡಂ. ರೈಟರ್ ಇರೋದೇ ಅದಕ್ಕೆ.

ಗಾರ್ಮೆಂಟ್ಸ್ ಅಕ್ಕ, ಹಾಸನ
46.8 ಅನ್ನು 46 ಅಂತ ಬರೆಯೋದೂ ಅದೇ ರೈಟರ್ ತಾನೇ?

ಹಳೇ ರೈಟರ್, ಸಕಲೇಶಪುರ
ನಾಲಿಗೆ ಬಿಗಿ ಹಿಡಿದು ಮಾತಾಡಿ. ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ ತೋಟದ ತಕ್ಕಡಿ ಏನು ಗೊತ್ತು?

ಮೂಡಿಗೆರೆ ಬೆಳೆಗಾರ
ಔಷಧಿ ಡಬ್ಬದ ಮೇಲೆ ಬಣ್ಣದ ತ್ರಿಕೋನ ಇದೆ. ಕೆಂಪು, ಹಳದಿ, ನೀಲಿ, ಹಸಿರು. ಓದೋಕೆ ಬರದವನಿಗೂ ಅರ್ಥವಾಗಲಿ ಅಂತಲೇ ಸರ್ಕಾರ ಮಾಡಿದ್ದು. ಅಲ್ಲಿಗೆ ಮುಗಿಯಿತು. ಇನ್ನೊಂದು, ನನ್ನ ಲೈನಲ್ಲಿ ಅರ್ಧ ಜನ ಅಸ್ಸಾಮಿನವರು. ಅವರಿಗೆ ಯಾವ ಅಕ್ಷರ ಕಲಿಸುತ್ತೀರಿ?

ತರಬೇತಿ ಮೇಡಂ, ಚಿಕ್ಕಮಗಳೂರು
ಹಸಿರು ಅಂದರೆ ಏನು ಸರ್? ಕೇಳಿ ನೋಡಿ ನಿಮ್ಮವರನ್ನೇ. ಸಿಗ್ನಲ್ ದೀಪದ ಹಾಗೆ "ಹೋಗಬಹುದು, ಏನೂ ಆಗಲ್ಲ" ಅನ್ನುತ್ತಾರೆ. ಹಸಿರೂ ವಿಷವೇ, ಕಡಿಮೆ ವಿಷ ಅಷ್ಟೇ. ಹಳದಿಗೂ ನೀಲಿಗೂ ಯಾವುದು ಕಠಿಣ ಅಂತ ಈ ಚರ್ಚೆಯಲ್ಲಿ ಎಷ್ಟು ಜನ ತಡವರಿಸದೆ ಹೇಳುತ್ತೀರಿ? ಹಳದಿ. ಅಸ್ಸಾಮಿನವರಿಗೆ ಮೊದಲು ಅಂಕಿ ಕಲಿಸೋಣ. ತಕ್ಕಡಿಯಲ್ಲಿ ಬರುವುದು 1, 2, 3. ಅದಕ್ಕೆ ಭಾಷೆ ಬೇಕಾಗಿಲ್ಲ.

ಜಾಥಾ ಕಾಲದವನು, ಹಾಸನ
ಭಾಷೆ ಬೇಕಾಗಿಲ್ಲವಾ! ಇದನ್ನೇ ನೋಡಿ ನಾನು ಹೇಳೋದು. ಓದು ಅಂದರೆ ಬರೀ ಕೂಲಿ ಲೆಕ್ಕ ಅಂತ ಮಾಡಿಟ್ಟಿದ್ದಾರೆ ಈಗಿನವರು. ನಾವು ಮನುಷ್ಯನನ್ನು ಓದಿಸಿದ್ದು, ತಕ್ಕಡಿಯನ್ನಲ್ಲ.

ಗಾರ್ಮೆಂಟ್ಸ್ ಅಕ್ಕ, ಹಾಸನ
ಮನುಷ್ಯರಿಗೇ ಅಣ್ಣ ಕೂಲಿ ಬರೋದು.

ಮೂಡಿಗೆರೆ ಬೆಳೆಗಾರ
ಆಯಿತು, ಕೊನೆ ಮಾತು. ಲೈನ್ ಪಕ್ಕದ ಷೆಡ್ ಕೊಡುತ್ತೇನೆ. ಕರೆಂಟು ನನ್ನದು, ಸ್ಲೇಟು ಬೇಕಾದರೆ ತರಿಸುತ್ತೇನೆ. ಸಂಜೆ ಆರರ ಮೇಲೆ. ಕೂಲಿ ಗಂಟೆ ಮಾತ್ರ ಕೇಳಬೇಡಿ.

ತರಬೇತಿ ಮೇಡಂ, ಚಿಕ್ಕಮಗಳೂರು
ಆರರ ಮೇಲೆ ಹೆಂಗಸರು ಒಲೆ ಹಚ್ಚಬೇಕಾ, ಸ್ಲೇಟು ಹಿಡಿಯಬೇಕಾ? ಬರೋದು ಗಂಡಸರೇ, ಅವರಲ್ಲೂ ಅರ್ಧ ಜನ ಕುಡಿದು. ಷೆಡ್ ಬೇಕು. ಜೊತೆಗೆ ಮಧ್ಯಾಹ್ನ ಊಟದ ಹೊತ್ತಿಗೆ ಅಂಟಿಕೊಂಡಂತೆ ಅರ್ಧ ಗಂಟೆ ಕೊಡಿ.

ಮೂಡಿಗೆರೆ ಬೆಳೆಗಾರ
ಒಂದು ಗಂಟೆ ಅಂದವರು ಅರ್ಧಕ್ಕೆ ಇಳಿದಿರಿ. ಇನ್ನೆರಡು ದಿನ ಚರ್ಚೆ ಮಾಡಿದರೆ ಸಂಜೆಗೇ ಬರುತ್ತೀರಿ ಬಿಡಿ.

ತರಬೇತಿ ಮೇಡಂ, ಚಿಕ್ಕಮಗಳೂರು
ಸೊನ್ನೆ ಅಂದವರು ಷೆಡ್ಡಿಗೆ ಬಂದಿದ್ದೀರಲ್ಲ, ನಾನೂ ಕಾಯುತ್ತೇನೆ.

ಕೊಪ್ಪದ ಅಡಿಕೆ
ರೈಟರ್ ಸಾಹೇಬರು ಚಾಕು ವಿಷಯಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಹಳೇ ರೈಟರ್, ಸಕಲೇಶಪುರ
ಅದ್ದುತ್ತಿದ್ದ. ಸಾಕಾ?

ಕೊಪ್ಪದ ಅಡಿಕೆ
ಕಬ್ಬಿಣದ್ದಾ, ಸ್ಟೀಲಿನದಾ?