ಲೇತ್ ಸ್ಪಿಂಡಲ್‌ಗೆ ಸ್ಪೀಡ್ ಸೆನ್ಸರ್: ಯಾವುದು ಹಚ್ಚೋದು, ಎಲ್ಲಿ ಹಚ್ಚೋದು?

ಉದ್ಯಮಬಾಗ್_ಲೇತ್

ನಮಸ್ಕಾರ್ರಿ. ಬೆಳಗಾವಿ ಉದ್ಯಮಬಾಗ್‌ದಾಗ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಐತಿ. ಹಳೇ ಲೇತ್‌ಗೆ ಬಾಲ್ ಸ್ಕ್ರೂ, ಸ್ಟೆಪ್ಪರ್ ಹಾಕಿ ಲಿನಕ್ಸ್‌ಸಿಎನ್‌ಸಿ (ಮಷಿನ್ ನಡಸೂ ಕಂಪ್ಯೂಟರ್ ಸಾಫ್ಟ್‌ವೇರ್) ಮ್ಯಾಲೆ ಓಡಸಾಕತ್ತೇವಿ, ಎಲ್ಲಾ ಪ್ಯಾರಲಲ್ ಪೋರ್ಟ್‌ನಿಂದನ. ಮೋಟರ್ 3 ಎಚ್‌ಪಿ, 1440 ಆರ್‌ಪಿಎಂ, ವಿಎಫ್‌ಡಿ (ಮೋಟರ್ ಸ್ಪೀಡ್ ಬದಲಸೂ ಡ್ರೈವ್) ಐತಿ, ವಿ-ಬೆಲ್ಟ್ ಮ್ಯಾಲೆ ಸ್ಪಿಂಡಲ್ ತಿರಗತೈತಿ.

ಟರ್ನಿಂಗ್, ಫೇಸಿಂಗ್, ಬೋರಿಂಗ್ ಚಲೋ ಬರತಾವು. ತ್ರೆಡ್ಡಿಂದ ಅಷ್ಟ ತ್ರಾಸ. ಜಿ76 (ತ್ರೆಡ್ ಹೊಡಿಯೂ ಕಮಾಂಡ್) ಕೊಟ್ಟರ ಟೂಲ್ ಶುರುವಿನ ಜಾಗಾಕ್ಕ ಹೋಗಿ ನಿಂತಬಿಡತೈತಿ, ಮುಂದ ಅಲಗಾಡೂದಿಲ್ಲ. ಎಂ16 × 1.5 ಹೈಡ್ರಾಲಿಕ್ ಫಿಟ್ಟಿಂಗ್ ಆರ್ಡರ್ ಬಂದೈತಿ, ಈಗ ತ್ರೆಡ್ ಅಷ್ಟ ಹೊರಗ ಮಾಡಸಾಕತ್ತೇವಿ.

ವಿಎಫ್‌ಡಿ ಹರ್ಟ್ಸ್ ಹಿಡದು ಲೆಕ್ಕಾ ಮಾಡಿದ್ರ 600 ಆರ್‌ಪಿಎಂ ಬರಬೇಕು, ಕೈ ಟ್ಯಾಕೋಮೀಟರ್ 570 ತೋರಸತೈತಿ. ಕಟ್ ತಗೊಂಡಾಗ ಇನ್ನೂ ಇಳೀತೈತಿ. ಪೋರ್ಟ್‌ದಾಗ ಇರೂವ ಐದು ಇನ್‌ಪುಟ್‌ನ್ಯಾಗ ಎರಡು ಹೋಮ್ ಸ್ವಿಚ್, ಒಂದು ಇ-ಸ್ಟಾಪ್ ಹೋಗಿ 13 ಮತ್ತ 15 ಅಷ್ಟ ಉಳದಾವು. ಪ್ರಾಕ್ಸಿಮಿಟಿ, ಹಾಲ್, ಆಪ್ಟಿಕಲ್, ರೆಡಿ ಎನ್‌ಕೋಡರ್ (ತಿರಗೂ ಕೋನ ಅಳಿಯೂ ಸೆನ್ಸರ್): ಯಾವುದು ಹಚ್ಚಲಿ?

ಮರಗೆಲಸ_ರೂಟರ್

ಎ3144 ಹಾಲ್ ಸೆನ್ಸರ್ ಹಾಕಿ, ಅಗ್ಗಕ್ಕೆ ಸಿಗುತ್ತದೆ. ಪುಲ್ಲಿಯಲ್ಲಿ ಗುಳಿ ಕೊರೆದು ಸಣ್ಣ ಮ್ಯಾಗ್ನೆಟ್ ಎಪಾಕ್ಸಿಯಲ್ಲಿ ಕೂರಿಸಿ. ತೂಕ ಒಂದೇ ಕಡೆಗೆ ಬೀಳದ ಹಾಗೆ ಎದುರು ಬದಿಯಲ್ಲಿ ಅಂಥದ್ದೇ ಇನ್ನೊಂದನ್ನು ತಿರುವಿ ಹಾಕಿ. ಈ ಸೆನ್ಸರ್ ದಕ್ಷಿಣ ಧ್ರುವ ಕಂಡರೆ ಮಾತ್ರ ಆನ್ ಆಗುವುದು, ಹಾಗಾಗಿ ಮ್ಯಾಗ್ನೆಟ್ ಎರಡಿದ್ದರೂ ಸುತ್ತಿಗೆ ಒಂದೇ ಪಲ್ಸ್. ಔಟ್‌ಪುಟ್ ಓಪನ್ ಕಲೆಕ್ಟರ್, 5 ವೋಲ್ಟ್‌ಗೆ 4.7 ಕೆ ಪುಲ್‌ಅಪ್ ಹಾಕಲೇಬೇಕು.

ಪೀಣ್ಯ_ರೆಟ್ರೋಫಿಟ್

ಮ್ಯಾಗ್ನೆಟ್ ತಿರುವಿ ಹಾಕೋ ಉಪಾಯ ತುಂಬಾ ಚೆನ್ನಾಗಿದೆ, ಸ್ಪೀಡ್ ನೋಡೋಕೆ ಅಷ್ಟೇ ಸಾಕು. ಆದ್ರೆ ಇವರಿಗೆ ಬೇಕಾಗಿರೋದು ತ್ರೆಡ್.

ಸರ್, ನಿಮ್ಮ ಮಷಿನ್‌ನಲ್ಲಿ ಏನೂ ಕೆಟ್ಟಿಲ್ಲ. ಜಿ76 ಇಂಡೆಕ್ಸ್ ಪಲ್ಸ್‌ಗೆ, ಅಂದ್ರೆ ಪ್ರತಿ ಸುತ್ತಲ್ಲೂ ಒಂದೇ ಜಾಗದಲ್ಲಿ ಒಮ್ಮೆ ಬರೋ ಸಿಗ್ನಲ್‌ಗೆ, ಕಾಯ್ತಾ ನಿಂತಿದೆ. ಪ್ರತಿ ಪಾಸ್‌ನಲ್ಲೂ ಸ್ಪಿಂಡಲ್ ಅದೇ ಕೋನಕ್ಕೆ ಬಂದಾಗ ಮಾತ್ರ ಝಡ್ ಅಕ್ಷ (ಜಾಬ್ ಉದ್ದಕ್ಕೂ ಟೂಲ್ ಸರಿಯೋ ದಿಕ್ಕು) ಹೊರಡುತ್ತೆ, ಆಮೇಲೆ ಸ್ಪಿಂಡಲ್ ಎಷ್ಟು ತಿರುಗಿತೋ ಅಷ್ಟೇ ಝಡ್ ಸರಿಯುತ್ತೆ. ಅಂದ್ರೆ ತ್ರೆಡ್‌ಗೆ ಆರ್‌ಪಿಎಂ ಮುಖ್ಯ ಅಲ್ಲ, ಸ್ಪಿಂಡಲ್ ಈ ಕ್ಷಣ ಯಾವ ಕೋನದಲ್ಲಿದೆ ಅನ್ನೋದು ಮುಖ್ಯ. ಅದು ಗೊತ್ತಾದ್ರೆ ಸ್ಪೀಡ್ ತಾನಾಗೇ ಸಿಗುತ್ತೆ.

ಸುತ್ತಿಗೆ ಒಂದೇ ಪಲ್ಸ್ ಇದ್ರೂ ತ್ರೆಡ್ ಬರುತ್ತೆ. ಲಿನಕ್ಸ್‌ಸಿಎನ್‌ಸಿಯ ಎನ್‌ಕೋಡರ್ ಕಾಂಪೊನೆಂಟ್‌ನಲ್ಲಿ ಪೊಸಿಷನ್-ಇಂಟರ್‌ಪೊಲೇಟೆಡ್ ಅನ್ನೋ ಪಿನ್ ಅದಕ್ಕೇ ಇದೆ. ಆದ್ರೆ ಎರಡು ಪಲ್ಸ್ ನಡುವೆ ಅದು ಹಿಂದಿನ ಸ್ಪೀಡ್ ನಂಬಿ ಅಂದಾಜು ಕಟ್ಟುತ್ತೆ. ಕಟ್ ಹಿಡಿದ ತಕ್ಷಣ ನಿಮ್ಮ ಸ್ಪಿಂಡಲ್ 5% ಇಳಿದ್ರೆ, ಒಂದು ಸುತ್ತಲ್ಲಿ 1.5 ಪಿಚ್‌ಗೆ 0.075 ಮಿ.ಮೀ. ವ್ಯತ್ಯಾಸ. ಲೋಡ್ ಬಂದಾಗ ಸ್ಪೀಡ್ ಬೀಳೋ ಮಷಿನ್‌ಗೆ ಒಂದು ಪಲ್ಸ್ ನಾನು ಖಂಡಿತ ಹೇಳಲ್ಲ.

ಮಾರ್ಕೆಟ್‌ನಲ್ಲಿ ಸಿಗೋ 12 ಎಂಎಂ ಪ್ರಾಕ್ಸಿಮಿಟಿ ಸೆಕೆಂಡಿಗೆ 500 ಸಲದ ಆಸುಪಾಸು ಸ್ವಿಚ್ ಆಗುತ್ತೆ. 60 ಸ್ಲಾಟ್ ಡಿಸ್ಕ್ 600 ಆರ್‌ಪಿಎಂನಲ್ಲೇ ಸೆಕೆಂಡಿಗೆ 600 ಪಲ್ಸ್ ಕೊಡುತ್ತೆ. ಅದು ಬೇಡ, ಆಪ್ಟಿಕಲ್ ಸ್ಲಾಟ್ ಸೆನ್ಸರ್ ಎರಡು ತಗೊಳ್ಳಿ. ಟಿಸಿಎಸ್‌ಟಿ2103 ಆಗುತ್ತೆ, ಅದರ ಗ್ಯಾಪ್ 3.1 ಮಿ.ಮೀ. 1 ಮಿ.ಮೀ. ಶೀಟ್‌ನಲ್ಲಿ 120 ಮಿ.ಮೀ. ಡಿಸ್ಕ್ ಲೇಸರ್ ಕಟ್ ಮಾಡಿಸಿ. 112 ಮಿ.ಮೀ. ವೃತ್ತದ ಮೇಲೆ 60 ಸ್ಲಾಟ್, ಒಂದೊಂದು ಸುಮಾರು 2.9 ಮಿ.ಮೀ. ಅಗಲ. ಒಳಗಿನ ವೃತ್ತದಲ್ಲಿ ಒಂದೇ ಒಂದು ಸ್ಲಾಟ್. ಹೊರಗಿನದು ಎ (ಎಣಿಸೋ ಪಲ್ಸ್), ಒಳಗಿನದು ಝಡ್ (ಇಂಡೆಕ್ಸ್ ಪಲ್ಸ್, ಝಡ್ ಅಕ್ಷ ಅಲ್ಲ). ನಿಮ್ಮ ಎರಡು ಪಿನ್‌ಗೆ ಸರಿಯಾಯ್ತು.

ಡಿಸ್ಕ್ ಮೋಟರ್‌ಗೆ ಹಾಕಲೇಬೇಡಿ, ವಿ-ಬೆಲ್ಟ್ ಜಾರುತ್ತೆ. ಸ್ಪಿಂಡಲ್ ಹಿಂಬದಿ ತುದಿಗೆ ಸ್ಪ್ಲಿಟ್ ರಿಂಗ್‌ನಲ್ಲಿ ಕ್ಲಾಂಪ್ ಮಾಡಿ, ಚಿಪ್ಸ್, ಕೂಲಂಟ್ ಬೀಳದ ಹಾಗೆ ಮುಚ್ಚಿ. ಸೆನ್ಸರ್‌ನಿಂದ ಬರೋ ಸಿಗ್ನಲ್ 74ಎಚ್‌ಸಿ14 (ಶ್ಮಿಟ್ ಟ್ರಿಗರ್ ಚಿಪ್) ಮೂಲಕ ಪೋರ್ಟ್‌ಗೆ ಕೊಡಿ, ಅಂಚು ಚೂಪಾಗಿ ಬರುತ್ತೆ.

ಸೆಟ್ಟಿಂಗ್: ಕೌಂಟರ್-ಮೋಡ್ ಆನ್, ಪೊಸಿಷನ್-ಸ್ಕೇಲ್ 60, ಅಪ್‌ಡೇಟ್-ಕೌಂಟರ್ಸ್ ಬೇಸ್ ಥ್ರೆಡ್‌ನಲ್ಲಿ (ಸಾಫ್ಟ್‌ವೇರ್ ಒಳಗೆ ವೇಗವಾಗಿ ಮತ್ತೆ ಮತ್ತೆ ಓಡೋ ಭಾಗ, ಬೋಲ್ಟ್ ತ್ರೆಡ್ ಅಲ್ಲ). 2000 ಆರ್‌ಪಿಎಂಗೂ ಪಲ್ಸ್ ನಡುವೆ 500 ಮೈಕ್ರೋಸೆಕೆಂಡ್ ಇರುತ್ತೆ, 50 ಮೈಕ್ರೋಸೆಕೆಂಡಿನ ಬೇಸ್ ಥ್ರೆಡ್ ಆರಾಮಾಗಿ ಎಣಿಸುತ್ತೆ. ಎನ್‌ಕೋಡರ್‌ನ ಇಂಟರ್‌ಪೊಲೇಟೆಡ್ ಪೊಸಿಷನ್ ಪಿನ್ ಸ್ಪಿಂಡಲ್ ರೆವ್ಸ್‌ಗೆ, ಎನ್‌ಕೋಡರ್‌ನ ಇಂಡೆಕ್ಸ್-ಎನೇಬಲ್ ಸ್ಪಿಂಡಲ್‌ನ ಇಂಡೆಕ್ಸ್-ಎನೇಬಲ್‌ಗೆ ಜೋಡಿಸಿ. ವೆಲಾಸಿಟಿ ಸೆಕೆಂಡಿಗೆ ಎಷ್ಟು ಸುತ್ತು ಅಂತ ಬರುತ್ತೆ, ಆರ್‌ಪಿಎಂ ಬೇಕಂದ್ರೆ 60ರಿಂದ ಗುಣಿಸಿ.

ಆಮೇಲೆ ಚಕ್‌ನ ಕೈಯಲ್ಲಿ ಒಂದೇ ದಿಕ್ಕಿಗೆ 10 ಸುತ್ತು ತಿರುಗಿಸಿ ಕೌಂಟ್ ನೋಡಿ. 600 ಬರಬೇಕು, ಒಂದು ಆಚೆ ಈಚೆ ಆದ್ರೆ ಪರವಾಗಿಲ್ಲ. ಅದು ಸರಿ ಬರೋವರೆಗೂ ಟೂಲ್ ಹತ್ತಿರ ತರಬೇಡಿ.

ಮೇಸಾ_ಬಳಕೆದಾರ

ಮುಂದೆ ರಿಜಿಡ್ ಟ್ಯಾಪಿಂಗ್ (ಸ್ಪಿಂಡಲ್ ಜೊತೆ ಹೊಂದಿಸಿ ಟ್ಯಾಪ್‌ನಿಂದ ಒಳ ತ್ರೆಡ್ ಹೊಡೆಯುವುದು) ಆಸೆ ಇದ್ದರೆ ಈ ವ್ಯವಸ್ಥೆ ಸಾಲದು. ಅದರ ಕಮಾಂಡ್ ಜಿ33.1ರಲ್ಲಿ ಸ್ಪಿಂಡಲ್ ಉಲ್ಟಾ ತಿರುಗಬೇಕು, ದಿಕ್ಕು ತಿಳಿಯಲು ಬಿ ಫೇಸ್ (ಎ ಜೊತೆಗಿನ ಎರಡನೇ ಪಲ್ಸ್ ಸಾಲು) ಬೇಕು. ಆಗ ಟೈಮಿಂಗ್ ಬೆಲ್ಟ್‌ನಲ್ಲಿ 1:1 ಎನ್‌ಕೋಡರ್ ಹಾಕಿ. 1024 ಪಿಪಿಆರ್ (ಒಂದು ಸುತ್ತಿಗೆ ಬರುವ ಪಲ್ಸ್) ತಗೊಂಡರೆ 2000 ಆರ್‌ಪಿಎಂಗೆ ಸೆಕೆಂಡಿಗೆ 34,000 ಪಲ್ಸ್ ದಾಟುತ್ತದೆ, ಪ್ಯಾರಲಲ್ ಪೋರ್ಟ್ ಅದನ್ನು ಎಣಿಸಲಾರದು. ಮೇಸಾದ 7ಐ76ಇ ಥರದ, ಪಲ್ಸ್ ತಾನೇ ಎಣಿಸುವ ಕಾರ್ಡ್ ಬೇಕಾಗುತ್ತದೆ.

ಉದ್ಯಮಬಾಗ್_ಲೇತ್

ಪೀಣ್ಯದ ಅಣ್ಣಾರು ಹೇಳಿದಂಗ ಡಿಸ್ಕ್ ಕೂಡಿಸೀನ್ರಿ. ಕೈಲೆ ತಿರಗಿಸಿದ್ರ 600 ಬರೋಬ್ಬರಿ ಬರತೈತಿ. ಆದ್ರ ಮೋಟರ್ ಚಾಲೂ ಮಾಡಿದ್ರ ಆರ್‌ಪಿಎಂ ಎಲ್ಲೆಲ್ಲೋ ಜಿಗೀತೈತಿ. ಬೆಲ್ಟ್ ತಗದು ಬರೇ ಮೋಟರ್ ಓಡಿಸಿ ನೋಡಿದ್ನಿ. ಡಿಸ್ಕ್ ನಿಂತೈತಿ, ಕೌಂಟ್ ಮಾತ್ರ ಏರಾಕತ್ತೈತಿ!

ಪೀಣ್ಯ_ರೆಟ್ರೋಫಿಟ್

ಬೆಲ್ಟ್ ತೆಗೆದು ನೋಡಿದ್ದು ಒಳ್ಳೇ ಪರೀಕ್ಷೆ, ಇನ್ನು ಅನುಮಾನವೇ ಬೇಡ, ಅದು ವಿಎಫ್‌ಡಿ ನಾಯ್ಸ್. ಸೆನ್ಸರ್ ವೈರ್ ಮೋಟರ್ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಬರ್ತಿದ್ರೆ ಬೇರೆ ಮಾಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಶೀಲ್ಡ್ ಕೇಬಲ್ ಹಾಕಿ, ಶೀಲ್ಡ್‌ನ ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿ. 74ಎಚ್‌ಸಿ14 ಸೆನ್ಸರ್ ಪಕ್ಕದಲ್ಲೇ ಇರಲಿ, ಉದ್ದ ವೈರ್‌ನ ಈ ಕಡೆ ಅಲ್ಲ. ಮೋಟರ್ ಬಾಡಿ ಅರ್ತ್ ವಿಎಫ್‌ಡಿಗೆ ನೇರ ಬಂದಿದೆಯಾ ನೋಡಿ.

ಉದ್ಯಮಬಾಗ್_ಲೇತ್

ಟ್ರೇ ಒಂದೇ ಇತ್ರಿ. ಕೇಬಲ್ ಬ್ಯಾರೆ ಮಾಡಿ ಶೀಲ್ಡ್ ಹಾಕಿದ ಮ್ಯಾಲೆ ಬೆಲ್ಟ್ ಇಲ್ಲದ ಕೌಂಟ್ ಒಂದೂ ಏರಲಿಲ್ಲ. ಮೊದಲ ಅಲ್ಯೂಮಿನಿಯಂ ರಾಡ್ ಮ್ಯಾಲೆ, ಆಮ್ಯಾಲೆ ಇಎನ್8 ಸ್ಟೀಲ್ ಮ್ಯಾಲೆ ಹೊಡದೇವಿ. ತ್ರೆಡ್ ಅಳತಿ ನೋಡೂ ಗೋ ರಿಂಗ್ ಗೇಜ್ ಬೆರಳಲೆ ತಿರುಗಿ ಪೂರ್ತಿ ಹೋಗತೈತಿ, ನೋ-ಗೋ ಹಿಡೀತೈತಿ. ತ್ರೆಡ್ಡಿನ ಮೊದಲ ಒಂದು ಸುತ್ತು ಅಷ್ಟ ಸ್ವಲ್ಪ ಬ್ಯಾರೆ ಕಾಣತೈತಿ.

ಪೀಣ್ಯ_ರೆಟ್ರೋಫಿಟ್

ಬಹಳ ಸಂತೋಷ ಸರ್. ಮೊದಲ ಸುತ್ತಲ್ಲಿ ಝಡ್ ಇನ್ನೂ ಸ್ಪೀಡ್ ಹಿಡೀತಾ ಇರುತ್ತೆ. ಶುರುವನ್ನ ಜಾಬ್‌ನಿಂದ ಮೂರು ಪಿಚ್, ಅಂದ್ರೆ 4.5 ಮಿ.ಮೀ. ಆಚೆ ಇಡಿ. ಎಲ್ಲಾ ಪಾಸ್‌ಗೂ ಒಂದೇ ಎಸ್ (ಸ್ಪಿಂಡಲ್ ಸ್ಪೀಡ್) ಕೊಡಿ. ಅಟ್-ಸ್ಪೀಡ್ ಪಿನ್‌ನೂ ಜೋಡಿಸಿಬಿಡಿ, ಆಗ ಸ್ಪಿಂಡಲ್ ಪೂರ್ತಿ ಸ್ಪೀಡ್‌ಗೆ ಬರೋ ತನಕ ಫೀಡ್ ಹೊರಡಲ್ಲ.